ಕಾಣದ ಟೇಪಿಗೆ ಮೂರು ದಿನ ಕಾದ ಕಾಡಸಿದ್ದ

ಇಚಲಕರಂಜಿಯ ನೂಲಿನ ಗಿರಣಿಯೊಂದರಲ್ಲಿ ೧೯೮೮ರ ದೀಪಾವಳಿಯ ಹೊತ್ತಿಗೆ ಮಾಯವ್ವ ಎಂಬ ಹೆಂಗಸಿನ ಇಪ್ಪತ್ತು ದಿನಗಳು ಕಾಣೆಯಾದವು. ಕದ್ದವರು ಯಾರೂ ಇಲ್ಲ. ಕಾಯುತ್ತ ಕೂತಿದ್ದವನು ಅವಳ ಸ್ವಂತ ಅಣ್ಣ ಕಾಡಸಿದ್ದ. ಕುಡುಕನಲ್ಲ, ಸೋಮಾರಿಯಲ್ಲ, ಒಂದು ದಿನವೂ ತಡವಾಗಿ ಕೆಲಸಕ್ಕೆ ಹೋದವನಲ್ಲ. ಹಾಗಾದರೆ ಹೇಗೆ ಹೋದವು ಅಂತ ಕೇಳುತ್ತೀರಿ. ಸ್ವಲ್ಪ ತಾಳಿ. ಕಂಪ್ಯೂಟರಿನ ಈ ಕಥೆ ಕುರಿ ಹಟ್ಟಿಯಿಂದ ಶುರುವಾಗುತ್ತದೆ.

ಗಡಹಿಂಗ್ಲಜದ ಆಚೆ, ಹಿರಣ್ಯಕೇಶಿ ಹೊಳೆಯ ದಂಡೆಯ ಒಂದು ವಾಡಿಯಲ್ಲಿ ಅವರ ಮನೆ. ಅಪ್ಪ ಸಿದ್ದರಾಯನಿಗೆ ಎಂಬತ್ತರ ಮೇಲೆ ಕುರಿ. ಎಂಬತ್ತರ ಮೇಲೆ ಎಷ್ಟು ಎಂದು ಅವನೂ ಹೇಳುತ್ತಿರಲಿಲ್ಲ, ಏಕೆಂದರೆ ಆ ಮನೆಯಲ್ಲಿ ಕುರಿಯನ್ನು ಅಂಕಿ ಹಿಡಿದು ಎಣಿಸುವ ಪದ್ಧತಿಯೇ ಇರಲಿಲ್ಲ. ಬೆಳಿಗ್ಗೆ ಹಟ್ಟಿಯ ಬಾಯಲ್ಲಿ ನಿಂತು ಒಂದೊಂದರ ಕಿವಿ ನೋಡಿ ಹೊರಗೆ ಬಿಡುತ್ತಿದ್ದ. ಕಿವಿಯಲ್ಲಿ ಕತ್ತರಿಸಿದ ಗುರುತು ಇರುತ್ತದೆ. ಕೊನೆಯ ಕುರಿ ದಾಟುವಷ್ಟರಲ್ಲಿ ಯಾವುದು ಬರಲಿಲ್ಲ ಎಂದು ಅವನಿಗೆ ಗೊತ್ತಾಗಿರುತ್ತಿತ್ತು.

ಬರದಿದ್ದರೆ ಬಾಯಿ ಬಿಟ್ಟು ಇಲ್ಲ ಅನ್ನುವ ಹಾಗಿಲ್ಲ. ಬಳೆ ಒಡೆದರೆ ಹೆಂಗಸರು ಒಡೆಯಿತು ಅನ್ನುವುದಿಲ್ಲವಲ್ಲ, ಹೆಚ್ಚಾಯಿತು ಅನ್ನುತ್ತಾರೆ, ಹಾಗೆ. ‘ಮೇಯಾಕ ಹೋಗೈತಿ’ ಅನ್ನಬೇಕು. ಪಿಟ್ಟೆನ್ನದೆ ಮೂರು ದಿನ ಹುಡುಕಬೇಕು. ಮೂರು ದಿನದೊಳಗೆ ‘ಹೋತು’ ಎಂದರೆ ಕೈಯಾರೆ ತೋಳಕ್ಕೆ ಕೊಟ್ಟಂತೆ. ಇದು ಸಿದ್ದರಾಯನ ಮನೆಯ ನೇಮ. ಕಾಡಸಿದ್ದ ಎಂಟು ವರ್ಷದವನಿದ್ದಾಗ ಕರಿಕಿವಿಯ ಗಬ್ಬದ ಕುರಿಯೊಂದು ಬರಲಿಲ್ಲ. ಅವನು ಓಡಿ ಬಂದು ಅಂಗಳದಲ್ಲಿ, “ಅಪ್ಪಾ, ಕರಿಕಿವಿ ಹೋತು” ಎಂದುಬಿಟ್ಟ. ಮರುದಿನ ಹಳ್ಳದಲ್ಲಿ ಅದರ ಉಣ್ಣೆ ಸಿಕ್ಕಿತು. ಅಪ್ಪ ಹೊಡೆಯಲಿಲ್ಲ, ಹೊಡೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಒಂದು ವಾರ ಮಗನ ಜೊತೆ ಮಾತಾಡಲಿಲ್ಲ.

ಹದಿನೆಂಟಕ್ಕೆ, ಅಂದರೆ ೧೯೭೨ರಲ್ಲಿ, ಕಾಡಸಿದ್ದ ಕುರಿ ಬಿಟ್ಟು ಕೊಲ್ಹಾಪುರಕ್ಕೆ ಹೋದ. ಉದ್ಯಮನಗರದಲ್ಲಿ ಅಲ್ಲಪ್ಪ ಎಂಬವನ ಮೋಟರ್ ವೈಂಡಿಂಗ್ ಅಂಗಡಿ ಸೇರಿದ. ಸುಟ್ಟ ಮೋಟರ್ ಬಿಚ್ಚಿ, ತಂತಿಯ ಒಂದೊಂದು ತುದಿಯನ್ನು ಬೆರಳಲ್ಲಿ ಮುಟ್ಟಿ ನೋಡುತ್ತ ಕೂರುತ್ತಿದ್ದ.

“ಏ ಕುರಿಗಾರ, ಮೋಟರ್ ಏನ ಬ್ಯಾ ಅನ್ನಂಗಿಲ್ಲ. ಕಿವಿ ಹಿಡದ ಏನ ನೋಡ್ತಿ?” ಎಂದು ಅಲ್ಲಪ್ಪ ಕೆಣಕುತ್ತಿದ್ದ.

“ಒಂದ ತುದಿ ಕಾಣವಲ್ದರಿ.”

“ಎಲ್ಲಿ ಹೋಗೈತಿ?”

“ಇಲ್ಲೇ ಎಲ್ಲೋ ಐತ್ರಿ. ಸಿಗತೈತಿ.”

ಸಿಗುತ್ತಲೂ ಇತ್ತು. ಏಳು ವರ್ಷ ಅಲ್ಲಿ ದುಡಿದು, ೧೯೭೯ರಲ್ಲಿ ಇಚಲಕರಂಜಿಯ ಗಿರಣಿಗೆ ವೈರಮನ್ ಆಗಿ ಬಂದ. ಐದು ವರ್ಷದ ಮೇಲೆ ತಂಗಿ ಮಾಯವ್ವನ ಗಂಡ ತೀರಿಕೊಂಡ. ಎರಡು ಹೆಣ್ಣು ಮಕ್ಕಳನ್ನು ಕರೆದುಕೊಂಡು ಅವಳು ಅಣ್ಣನ ಹತ್ತಿರ ಬಂದಳು. ಅದೇ ಗಿರಣಿಯ ರೀಲಿಂಗ್ ಖಾತೆಯಲ್ಲಿ, ನೂಲನ್ನು ಲಡಿ ಸುತ್ತುವ ಕೆಲಸಕ್ಕೆ, ಬದ್ಲಿಯಾಗಿ ನಿಂತಳು.

ಬದ್ಲಿ ಅಂದರೆ ಯಾರಾದರೂ ಬರದಿದ್ದರೆ ಅವರ ಜಾಗಕ್ಕೆ. ದಿನಾ ಏಳಕ್ಕೆ ಗೇಟಿನ ಹೊರಗೆ ನಿಲ್ಲಬೇಕು. ಆಳು ಹಚ್ಚುವ ಮೇಲಾಳು, ಜಾಬರ್ ಬಾಳಗೊಂಡ ಬಂದು ಹೆಸರು ಕರೆದರೆ ಒಳಗೆ, ಕರೆಯದಿದ್ದರೆ ಕಟ್ಟಿದ ಬುತ್ತಿ ಬಿಚ್ಚದೆ ಮನೆಗೆ. ಆದರೆ ಜನವರಿಯಿಂದ ಡಿಸೆಂಬರ್ ಒಳಗೆ ಇನ್ನೂರಾ ನಲವತ್ತು ದಿನದ ಹಾಜರಿ ತುಂಬಿದರೆ ಪರ್ಮನೆಂಟ್. ಆಮೇಲೆ ಗೇಟಿನಲ್ಲಿ ಕಾಯುವುದಿಲ್ಲ, ರಜೆ ಸಿಗುತ್ತದೆ, ದವಾಖಾನೆಯ ಕಾರ್ಡು ಸಿಗುತ್ತದೆ. ಮಾಯವ್ವ ನಾಲ್ಕು ವರ್ಷ ನೂರಾ ಅರವತ್ತು, ನೂರಾ ಎಂಬತ್ತರಲ್ಲಿ ನಿಂತಿದ್ದಳು. ೧೯೮೮ರಲ್ಲಿ ಮೊದಲ ಸಲ ಕೆಲಸ ಚೆನ್ನಾಗಿ ಸಿಕ್ಕಿತು.

ಆ ವರ್ಷವೇ ಗಿರಣಿಗೆ ಕಂಪ್ಯೂಟರ್ ಬಂತು. ಯುನಿಕ್ಸ್ ನಡೆಸುವ ದೊಡ್ಡ ಪೆಟ್ಟಿಗೆ, ಅದಕ್ಕೆ ತಂತಿ ಎಳೆದು ಟೈಮ್ ಆಫೀಸಿನಲ್ಲಿ ನಾಲ್ಕು ಟರ್ಮಿನಲ್. ಅದಕ್ಕಾಗಿಯೇ ತಂಪಿನ ಖೋಲಿ ಕಟ್ಟಿದರು. ಖೋಲಿಯ ಏಸಿ, ಸ್ಟೆಬಿಲೈಜರ್ ನೋಡಿಕೊಳ್ಳಲು ವೈರಮನ್ ಬೇಕಲ್ಲ, ಕಾಡಸಿದ್ದನನ್ನು ಕೂರಿಸಿದರು. ಟೈಮ್ ಆಫೀಸಿನ ಮುಖ್ಯಸ್ಥ ಪಾರೀಸ ಸಾಹೇಬರು ಪುಣೆಯಿಂದ ಬಂದ ಇಂಜಿನಿಯರನಿಗೆ, “ಹ್ಯಾಲಾ ಶಿಕವಾ, ಇವಗ ಕಲಸ್ರಿ, ಶ್ಯಾಣ್ಯಾ ಅದಾನ” ಎಂದರು.

ಯಂತ್ರವನ್ನು ರಾತ್ರಿ ಆರಿಸುತ್ತಿದ್ದರು. ಬೆಳಿಗ್ಗೆ ಹಚ್ಚಿದಾಗ ಅದು ತನ್ನ ಮೈಯ ಭಾಗಗಳನ್ನು ತಾನೇ ತಡವಿ ನೋಡಿಕೊಂಡು, ಸಿಕ್ಕಿದ್ದನ್ನೆಲ್ಲ ಪರದೆಯ ಮೇಲೆ ಸಾಲಾಗಿ ಬರೆಯುತ್ತಿತ್ತು. ಆ ಸಾಲುಗಳು ಸರಸರ ಮೇಲೆ ಹೋಗಿಬಿಡುತ್ತವೆ. ಮತ್ತೆ ನೋಡಬೇಕಾದರೆ ಡಿ, ಎಂ, ಇ, ಎಸ್, ಜಿ ಎಂದು ಐದು ಅಕ್ಷರ ಒತ್ತಬೇಕು. ಇಂಜಿನಿಯರ್ ಕಲಿಸಿದ್ದು ಇಷ್ಟೇ: ದಿನಾ ಬೆಳಿಗ್ಗೆ ಈ ಐದು ಅಕ್ಷರ ಒತ್ತು, ಬಂದ ಸಾಲು ನೋಡು, ಮೆಮರಿ, ಡಿಸ್ಕ್, ಟೇಪ್, ಟರ್ಮಿನಲ್, ಪ್ರಿಂಟರ್ ಐದೂ ಬಂದಿದ್ದರೆ ರಜಿಸ್ಟರಿನಲ್ಲಿ ಐದು ಗುರುತು ಹಾಕು. ಒಂದು ಕಾಣದಿದ್ದರೆ ಅದರ ಮುಂದೆ ಇಲ್ಲ ಎಂದು ಬರೆ, ಪಾರೀಸ ಸಾಹೇಬರು ಪುಣೆಗೆ ಫೋನ್ ಹಚ್ಚುತ್ತಾರೆ, ಎರಡು ದಿನಕ್ಕೆ ನಾನು ಬರುತ್ತೇನೆ.

ಸಾಲಿನ ಮೊದಲಿಗೆ ಶೇಕಡಾ ಹಾಕುವ ಚಿಹ್ನೆ, ಅದರ ಮಗ್ಗುಲಿಗೆ ಭಾಗದ ಹೆಸರು, ಮುಂದೆ ಅಂಕಿ. ಕಾಡಸಿದ್ದನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಹದಿನೈದು ದಿನದಲ್ಲಿ ಒಂದೊಂದು ಸಾಲಿನ ಆಕಾರ ಅವನಿಗೆ ಬಾಯಿಪಾಠವಾಯಿತು. ಪರದೆಯ ಮುಂದೆ ಹಟ್ಟಿಯ ಬಾಯಲ್ಲಿ ನಿಂತಂತೆ ಕೂತು, ಬಂದವರನ್ನು ಬಿಡುತ್ತಿದ್ದ. ಇಂಜಿನಿಯರನಿಗೇ ಆಶ್ಚರ್ಯವಾಗಿತ್ತು.

ಹಾಜರಿ ಬರೆಯುವ ಹಳೆಯ ದೊಡ್ಡ ಬುಕ್ಕು ನಿಂತುಹೋಯಿತು. ಬಾಳಗೊಂಡ ಪಾಳಿ ಮುಗಿದ ಮೇಲೆ ಚೀಟಿ ಕೊಡುತ್ತಿದ್ದ, ಟೈಮ್ ಆಫೀಸಿನವರು ಅದನ್ನು ಟರ್ಮಿನಲ್‌ನಲ್ಲಿ ಹೊಡೆದು ಚೀಟಿ ಹರಿದು ಹಾಕುತ್ತಿದ್ದರು. ರೀಲಿಂಗ್ ಹೆಂಗಸರ ಪಗಾರ ಸುತ್ತಿದ ನೂಲಿನ ತೂಕದ ಮೇಲೆ, ಅದರ ಕಾಗದದಲ್ಲಿ ದಿನ ಇರುವುದಿಲ್ಲ. ಹೀಗಾಗಿ ಯಾರು ಎಷ್ಟು ದಿನ ದುಡಿದರು ಎಂಬುದು ಉಳಿದದ್ದು ಒಂದೇ ಕಡೆ, ಆ ಡಿಸ್ಕಿನ ಮೇಲೆ. ಅದರ ನಕಲನ್ನು ಪ್ರತಿ ಶನಿವಾರ ಸಂಜೆ ಟೇಪಿಗೆ ಇಳಿಸಬೇಕು. ಅದೂ ಕಾಡಸಿದ್ದನ ಕೆಲಸ.

ಮಾಯವ್ವ ಶನಿವಾರಕ್ಕೊಮ್ಮೆ ಕೇಳುತ್ತಿದ್ದಳು.

“ಅಣ್ಣಾ, ನಂದ ಎಷ್ಟ ಆತು?”

“ನೂರಾ ಎಂಬತ್ತೆಂಟ.”

“ನೀನ ನೋಡಿದೇನ, ಪಾರೀಸ ಸಾಹೇಬರು ಹೇಳಿದರೋ?”

“ನಾನ ನೋಡೇನಿ.”

“ಮತ್ತ ನಾ ಯಾಕ ಲೆಕ್ಕಾ ಇಡಲಿ. ಅಣ್ಣ ಅಲ್ಲೇ ಕುಂತಾನ.”

ಅದು ಅಕ್ಟೋಬರ್ ಹದಿನೈದು, ಶನಿವಾರ. ಆ ಸಂಜೆ ಟೇಪು ಸರಿಯಾಗಿ ಇಳಿಯಿತು.

ಮಂಗಳವಾರ ಬೆಳಿಗ್ಗೆ ಐದು ಅಕ್ಷರ ಒತ್ತಿದ. ಮೆಮರಿ ಬಂತು, ಡಿಸ್ಕ್ ಬಂತು, ಆಮೇಲೆ ನೆಟ್ಟಗೆ ಟರ್ಮಿನಲ್. ನಡುವೆ ಟೇಪಿನ ಸಾಲು ಇರಲಿಲ್ಲ. ಯಂತ್ರ ಆರಿಸಿ ಮತ್ತೆ ಹಚ್ಚಿದ. ಬರಲಿಲ್ಲ. ರಜಿಸ್ಟರ್ ತೆಗೆದ. ಟೇಪಿನ ಮುಂದೆ ಇಲ್ಲ ಎಂದು ಬರೆಯಬೇಕು, ಎರಡು ಅಕ್ಷರ. ಪೆನ್ನು ಹಿಡಿದ ಕೈ ಮುಂದೆ ಹೋಗಲಿಲ್ಲ. ಇದ್ದ ಐದರಲ್ಲಿ ಒಂದು ಬರಲಿಲ್ಲ ಎಂದರೆ ಏನು ಮಾಡಬೇಕೆಂದು ಅವನಿಗೆ ಎಂಟನೇ ವರ್ಷದಿಂದ ಗೊತ್ತು. ಟೇಪಿನ ಮುಂದೂ ಗುರುತು ಹಾಕಿದ. ಆಮೇಲೆ ಹುಡುಕಲು ಶುರು ಮಾಡಿದ.

ಪೆಟ್ಟಿಗೆಯ ಮುಚ್ಚಳ ಬಿಚ್ಚಿದ. ಟೇಪಿನ ತಂತಿ ತೆಗೆದು ಹಾಕಿದ. ಅದರ ಬೋರ್ಡಿನ ಹಲ್ಲುಗಳನ್ನು ಶಾಲೆಯ ರಬ್ಬರಿನಿಂದ ತಿಕ್ಕಿದ, ಮೋಟರಿನ ಅಂಗಡಿಯಲ್ಲಿ ಕಲಿತ ವಿದ್ಯೆ. ಬುಧವಾರವೂ ಬರಲಿಲ್ಲ. ಗುರುವಾರ ದಸರೆ, ಶುಕ್ರವಾರ ವಾರದ ರಜೆ. ಶನಿವಾರ ಬೆಳಿಗ್ಗೆ ಐದು ಅಕ್ಷರ ಒತ್ತಿದರೆ ಟೇಪಿನ ಸಾಲು ತನ್ನ ಜಾಗದಲ್ಲಿ ನಿಂತಿತ್ತು. ರಜೆಯ ಎರಡು ದಿನ ಬಿಟ್ಟರೆ ಸರಿಯಾಗಿ ಮೂರನೇ ದಿನ. ಅವನು ಯಂತ್ರಕ್ಕೆ ಕೈ ಮುಗಿದ.

ಅಂದು ಸಂಜೆ ನಕಲು ಇಳಿಸುವಾಗ ಅರ್ಧಕ್ಕೇ ನಿಂತಿತು. ಯಂತ್ರ ಬಿಸಿಯಾದರೆ ಬೋರ್ಡು ಸಡಿಲಾಗುತ್ತಿತ್ತು, ಅದು ಅವನಿಗೆ ತಿಳಿಯಲಿಲ್ಲ. ಹೊಸದಾಗಿ ಮೂರು ದಿನದ ಲೆಕ್ಕ ಹಿಡಿದ. ಅದು ಎರಡು ದಿನ ಮರೆಯಾಗಿ ಮೂರನೇ ದಿನ ಮುಖ ತೋರಿಸಿತು, ಮತ್ತೆ ಹೋಯಿತು. ಇವನು ಮತ್ತೆ ಮೊದಲಿನಿಂದ ಹಿಡಿದ. ಹೀಗೇ ಇನ್ನೂ ಎರಡು ಶನಿವಾರ ನಕಲಿಲ್ಲದೆ ಹೋದವು. ರಜಿಸ್ಟರಿನಲ್ಲಿ ದಿನಾ ಐದು ಗುರುತು. ಪಾರೀಸ ಸಾಹೇಬರು ಗುರುತು ನೋಡಿ ಸಹಿ ಹಾಕಿದರು.

ಇನ್ನೊಂದು ಮಾತು ಇಲ್ಲಿ ಹೇಳಬೇಕು. ನವೆಂಬರ್ ಶುರುವಿಗೆ ಐದು ಸಾಲುಗಳ ಕೆಳಗೆ ಹೊಸ ಸಾಲುಗಳು ಬರತೊಡಗಿದವು. ಮೊದಲು ಒಂದು, ಆಮೇಲೆ ನಾಲ್ಕು, ಆಮೇಲೆ ಪರದೆ ತುಂಬ. ಡಿಸ್ಕಿನ ಇಂಥಿಂಥ ಜಾಗ ಓದಲು ಬರುತ್ತಿಲ್ಲ ಎಂದು ಯಂತ್ರ ಹೇಳುತ್ತಿತ್ತು. ಕಾಡಸಿದ್ದ ಅವನ್ನು ಕಂಡ, ನೋಡಲಿಲ್ಲ. ಅವನ ಕಣ್ಣು ಬರದೆ ಉಳಿದವರನ್ನು ಹುಡುಕಲು ಪಳಗಿದ್ದು. ಹೆಚ್ಚಿಗೆ ಬಂದವರು ಯಾರು ಎಂದು ಕೇಳುವ ಅಭ್ಯಾಸ ಅದಕ್ಕೆ ಇರಲಿಲ್ಲ.

ನವೆಂಬರ್ ಎಂಟಕ್ಕೆ ಗಿರಣಿ ದೀಪಾವಳಿಗೆ ಮುಚ್ಚಿತು. ದಸರೆಯ ದಿನ, ಶುಕ್ರವಾರಗಳು ಬಿಟ್ಟರೆ ಮಾಯವ್ವ ಒಂದು ದಿನವೂ ತಪ್ಪಿಸಿರಲಿಲ್ಲ.

“ಮಾರಿ ಯಾಕ ಸಣ್ಣದ ಮಾಡೀದಿ ಅಣ್ಣಾ? ಹಬ್ಬದಾಗ.”

“ಏನಿಲ್ಲ ಬಿಡ.”

“ನಂದ ಎಷ್ಟ ಆತು?”

“ಎರಡನೂರಾ ಎಂಟ.”

“ಹಂಗಾರ ಮೂವತ್ತೆರಡ ಉಳೀತು.” ಅವಳು ಬೆರಳು ಮಡಿಚುತ್ತ ಕೂತಳು. “ಹಬ್ಬ ಮುಗದ ಮ್ಯಾಲ ನಲವತ್ತೊಂದ ದಿನ ಗಿರಣಿ ಇರತೈತಿ ಅಂತ. ಬಾಳಗೊಂಡಣ್ಣ ಮೂವತ್ತೆರಡ ದಿನ ಕರೀಲಿಕ್ಕಿಲ್ಲೇನ? ಕರೀತಾನ.”

ಹದಿನಾಲ್ಕಕ್ಕೆ ಗಿರಣಿ ತೆರೆಯಿತು. ಕಾಡಸಿದ್ದ ಯಂತ್ರ ಹಚ್ಚಿದ. ಒಳಗಿನಿಂದ ಕಬ್ಬಿಣ ಕೆರೆದಂಥ ಸದ್ದು ಬಂತು. ಪರದೆಯ ಮೇಲೆ ಮೆಮರಿಯ ಸಾಲು ಬಂದು ನಿಂತಿತು, ಮುಂದೆ ಏನೂ ಬರಲಿಲ್ಲ.

ಪುಣೆಯ ಇಂಜಿನಿಯರ್ ಮರುದಿನ ಬಂದ. ಡಿಸ್ಕ್ ಸತ್ತಿದೆ ಎಂದ. ಹೊಸದು ಹಾಕಿ, ಸಡಿಲಾಗಿದ್ದ ಬೋರ್ಡನ್ನು ಒತ್ತಿ ಕೂರಿಸಿ, ಕೈ ಚಾಚಿದ. “ಟೇಪ್ ದ್ಯಾ. ಶೇವಟಚೀ.”

ಕಾಡಸಿದ್ದ ಕೊನೆಯ ಟೇಪ್ ಕೊಟ್ಟ. ಅದರ ಮೇಲೆ ಅಕ್ಟೋಬರ್ ಹದಿನೈದು ಎಂದಿತ್ತು.

“ಆಮೇಲಿನವು ಎಲ್ಲಿ?”

“ಟೇಪ್ ಮೇಯಾಕ ಹೋಗಿತ್ರಿ.”

ಬಾಯಿ ತಪ್ಪಿ ಬಂದ ಮಾತು. ಪಾರೀಸ ಸಾಹೇಬರು ಮರಾಠಿಯಲ್ಲಿ ತಿರುಗಿಸಿ ಹೇಳಿದಾಗ ಇಂಜಿನಿಯರ್ ಮೊದಲು ನಕ್ಕ, ಆಮೇಲೆ ನಗು ನಿಲ್ಲಿಸಿದ. “ಅರೇ, ಒಂದು ಫೋನ್ ಮಾಡಿದ್ದರೆ ಸಾಕಿತ್ತಲ್ಲ ಬಾಬಾ” ಎಂದಷ್ಟೇ ಹೇಳಿ, ಹಳೆಯ ನಕಲು ಏರಿಸಿ, ಹೊಸ ಡಿಸ್ಕ್ ಹಾಕಿದೆ ಎಂದು ಒಂದು ಸಾಲು ಬರೆದು, ಸಂಜೆಯ ಗಾಡಿಗೆ ಹೋದ. ಎರಡು ದಿನದಲ್ಲಿ ಗಿರಣಿಯ ತುಂಬ ಆ ಮಾತು ಹಬ್ಬಿತು. ಯಾರ ಚಹಾದ ಕಪ್ಪು ಕಾಣದಿದ್ದರೂ ಮೇಯಲು ಹೋಗಿದೆ ಎನ್ನುವವರೇ.

ಮಾಯವ್ವನ ಲೆಕ್ಕ ನೂರಾ ಎಂಬತ್ತೆಂಟಕ್ಕೆ ಬಂದು ನಿಂತಿತ್ತು. ಇನ್ನು ಐವತ್ತೆರಡು ಬೇಕು, ಉಳಿದ ದಿನ ನಲವತ್ತೊಂದು. ಅವಳೂ ಸೇರಿ ಅಂಥವರು ಮೂವತ್ನಾಲ್ಕು ಜನ ಇದ್ದರು. ಎಲ್ಲರೂ ಕೂಡಿ ಆಫೀಸಿನ ಮುಂದೆ ಕೂತರು. ಮ್ಯಾನೇಜರ್ ರಜಿಸ್ಟರ್ ತರಿಸಿ ಎಲ್ಲರಿಗೂ ತೋರಿಸಿದ. ಶನಿವಾರಕ್ಕೊಮ್ಮೆ ಹಾಜರಿ ಟೇಪಿಗೆ ಹೋಗುತ್ತದೆ, ಟೇಪು ದಿನಾ ಇತ್ತು ಎಂದು ಇಲ್ಲಿ ಬರೆದಿದೆ, ಟೇಪಿನಲ್ಲಿದ್ದದ್ದೆಲ್ಲ ತಿರುಗಿ ಬಂದಿದೆ, ಅದರಲ್ಲಿ ಇಲ್ಲದ ದಿನ ನೀವು ಕೆಲಸಕ್ಕೆ ಬಂದೇ ಇಲ್ಲ ಎಂದ. ಮೂವತ್ನಾಲ್ಕು ಜನ ಪರ್ಮನೆಂಟ್ ಆಗುವುದು ಅವನಿಗೆ ಬೇಕಿರಲಿಲ್ಲ. ಕಾಡಸಿದ್ದನ ಗುರುತುಗಳು ಅವನ ಕೈಗೆ ಆಯುಧವಾಗಿ ಸಿಕ್ಕಿದ್ದವು.

ಬಾಳಗೊಂಡನನ್ನು ಕೇಳಿದರು. “ಯಾರ್ಯಾರ ಬಂದಿದ್ರ ನನಗ ನೆನಪೈತಿ” ಎಂದ ಅವನು. ಹೊರಗೆ ಬಂದು ಕಾಡಸಿದ್ದನಿಗೆ ಬೇರೆ ಮಾತು ಹೇಳಿದ. “ನೆನಪ ತಗೊಂಡ ಏನ ಮಾಡೂದು ಮಾರಾಯಾ, ನೀ ರಜಿಸ್ಟರದಾಗ ಹಾಕಿದ ಖೂಣದ ಮುಂದ. ನೀ ಬಾಯಿ ಬಿಟ್ರ ಏನರೆ ಆದೀತು. ಇಲ್ಲಂದ್ರ ಇಲ್ಲ.”

ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಆ ಸಂಜೆ ಕಾಡಸಿದ್ದ ತಂಗಿಯ ಎದುರು ಕೂತು ನಡೆದದ್ದನ್ನೆಲ್ಲ ಹೇಳಿದ. ಅವಳು ಕೇಳಿ ಮುಗಿಸಿ, ಒಲೆಯ ಮೇಲಿನ ರೊಟ್ಟಿ ತಿರುವಿದಳು.

“ಹೋಗಿ ಹೇಳ” ಎಂದಳು. “ಮೂವತ್ನಾಕ ಮಂದಿ ಅದೇವಿ.”

ಗಿರಣಿಯವರು ಒಬ್ಬ ವಕೀಲರನ್ನು ಕರೆಸಿ ಚೌಕಶಿ, ಅಂದರೆ ವಿಚಾರಣೆ, ಇಟ್ಟರು. ಬಾಗಿಲ ಹೊರಗೆ ರೀಲಿಂಗ್ ಹೆಂಗಸರು, ಮುಂದೆ ಮಾಯವ್ವ.

“ಹದಿನೆಂಟನೇ ತಾರೀಖ ಈ ಖೂಣಾ ಹಾಕಿದಾವ ಯಾರು?” ವಕೀಲರು ಕೇಳಿದರು.

“ನಾನ ರೀ.”

“ಆವತ್ತ ಟೇಪ್ ಇತ್ತೋ ಇಲ್ಲೋ?”

“ಕಂಡಿದ್ದಿಲ್ರಿ. ಹುಡಕಾಕತ್ತಿದ್ನಿ.”

“ಕಾಣದ್ದನ್ನ ಐತಿ ಅಂತ ಬರದಿ.”

“ಮೂರ ದಿನ ಇಲ್ಲ ಅನ್ನಬಾರದ್ರಿ. ಅಂದ್ರ ಹೋಗೇ ಬಿಡತೈತಿ.”

“ಯಾರ ಹೇಳಿದ್ರ ನಿನಗ? ಕಂಪನಿಯವರೇನ?”

“ನಮ್ಮ ಅಪ್ಪ ರೀ.”

ಒಳಗಿದ್ದವರೆಲ್ಲ ನಕ್ಕರು. ಪಾರೀಸ ಸಾಹೇಬರು ಮಾತ್ರ ನಗಲಿಲ್ಲ, ತಲೆ ತಗ್ಗಿಸಿ ಕೂತಿದ್ದರು. ರಜಿಸ್ಟರಿನ ಸಹಿ ಅವರದಾಗಿತ್ತು.

“ಕುರಿ ಕಥಿ ಸಾಕು” ಎಂದರು ವಕೀಲರು. “ಆವಾಗ ಬರದದ್ದು ಸುಳ್ಳೋ, ಈಗ ಹೇಳೂದು ಸುಳ್ಳೋ? ಒಂದ ಹೇಳು.”

ಕಾಡಸಿದ್ದ ಬಾಗಿಲ ಕಡೆ ನೋಡಿದ. ತಾನು ಸುಳ್ಳು ಬರೆದೆ ಎಂದು ಅವನಿಗೆ ಒಂದು ದಿನವೂ ಅನ್ನಿಸಿರಲಿಲ್ಲ. ಬದುಕಿಸಲು ನೋಡಿದೆ ಎಂದೇ ಅವನ ಲೆಕ್ಕ.

“ಆವಾಗ ಬರದದ್ದ ಸುಳ್ಳರಿ” ಎಂದ.

“ಆತು. ದಿನಾ ಸುಳ್ಳ ಬರದಾವ ತಾನ ಒಪ್ಪಿದ. ಇವನ ತಂಗಿ ಆ ಮೂವತ್ನಾಕರಾಗ ಒಬ್ಬಾಕಿ. ಇಂಥಾವ ಇವತ್ತ ಖರೇ ಹೇಳತಾನ ಅಂತ ಯಾವ ಕಾಗದಾ ಹೇಳತೈತಿ?”

ಯಾವ ಕಾಗದವೂ ಹೇಳಲಿಲ್ಲ. ಟೇಪಿನಿಂದ ತಿರುಗಿ ಬಂದ ಲೆಕ್ಕವೇ ಲೆಕ್ಕ ಎಂದು ತೀರ್ಮಾನವಾಯಿತು. ಕಾಡಸಿದ್ದನನ್ನು ಆ ವಾರವೇ ತೆಗೆದುಹಾಕಿದರು. ಮೂವತ್ನಾಲ್ಕು ಹೆಂಗಸರಲ್ಲಿ ಕೆಲವರು ಅವನ ಮನೆಯ ಮುಂದೆ ಹಾದುಹೋಗುವಾಗ ಉಗುಳುತ್ತಿದ್ದರು. ಮಾಯವ್ವ ಅದನ್ನು ತೊಳೆಯುತ್ತಿದ್ದಳು.

ಬಾಳಗೊಂಡ ಉಳಿದ ದಿನಗಳಲ್ಲಿ ಅವಳನ್ನು ಒಂದು ದಿನವೂ ತಿರುಗಿ ಕಳಿಸಲಿಲ್ಲ. ತುಂಬುವುದಿಲ್ಲ ಎಂದು ಗೊತ್ತಿದ್ದೂ ಕರೆದ, ಗೊತ್ತಿದ್ದೂ ಅವಳು ಹೋದಳು. ನಲವತ್ತೊಂದಕ್ಕೆ ನಲವತ್ತೊಂದು ದಿನ. ಡಿಸೆಂಬರ್ ಮೂವತ್ತೊಂದಕ್ಕೆ ಕಂಪ್ಯೂಟರ್ ಅವಳ ಹೆಸರಿನ ಮುಂದೆ ಎರಡುನೂರಾ ಇಪ್ಪತ್ತೊಂಬತ್ತು ತೋರಿಸಿತು. ಜನವರಿ ಒಂದಕ್ಕೆ ಅದನ್ನು ಸೊನ್ನೆ ಮಾಡಿತು.

೧೯೮೯ರ ಬೇಸಿಗೆಯಲ್ಲಿ ರೀಲಿಂಗ್ ಖಾತೆಯನ್ನು ಗುತ್ತಿಗೆಗೆ ಕೊಟ್ಟರು. ಬದ್ಲಿಗಳ ಹೆಸರು ಕರೆಯುವುದೇ ನಿಂತಿತು. ಮಾಯವ್ವ ಒಬ್ಬ ಮಾಲೀಕನ ಮಗ್ಗದ ಶೆಡ್ಡಿನಲ್ಲಿ ಕಂಡಿಕೆ ಸುತ್ತುವ ಕೆಲಸ ಹಿಡಿದಳು. ಕಾಡಸಿದ್ದ ಅಷ್ಟರಲ್ಲಿ ಗಡಹಿಂಗ್ಲಜಕ್ಕೆ ಹೋಗಿ, ಸಂತೆ ಬಯಲಿನ ಹತ್ತಿರ ಸಣ್ಣ ಖೋಲಿಯಲ್ಲಿ ನೀರಿನ ಪಂಪಿನ ಮೋಟರ್ ಕಟ್ಟಿಕೊಡುತ್ತಿದ್ದ. ಗಿರಾಕಿಗಳ ಜೊತೆ ಮಾತು ಕಡಿಮೆ. ರಿಪೇರಿ ಯಾವಾಗ ಆಗುತ್ತದೆ ಎಂದು ಕೇಳಿದರೆ ಆಗುತ್ತದೆ ಎಂದೂ ಅನ್ನುತ್ತಿರಲಿಲ್ಲ, ಆಗುವುದಿಲ್ಲ ಎಂದೂ ಅನ್ನುತ್ತಿರಲಿಲ್ಲ.

ಆ ವರ್ಷದ ದೀಪಾವಳಿಯಲ್ಲಿ ಅಣ್ಣತಂಗಿಯರ ಹಬ್ಬ ಭಾವಬೀಜಿಗೆ ಮಾಯವ್ವ ಮೊದಲ ಎಸ್‌ಟಿ ಬಸ್ಸು ಹಿಡಿದು ಬಂದಳು. ಅಣ್ಣನನ್ನು ಮಣೆಯ ಮೇಲೆ ಕೂರಿಸಿ ಆರತಿ ಬೆಳಗಿದಳು. ಅವನು ತಟ್ಟೆಯಲ್ಲಿ ಒಂದು ಕುಪ್ಪಸದ ಖಣ ಇಟ್ಟ. ಉಂಡರು.

“ಅವತ್ತ ನನಗರೆ ಹೇಳಬೇಕಿತ್ತಲ್ಲ ಅಣ್ಣಾ” ಎಂದಳು, ಎಲೆ ತೆಗೆಯುತ್ತ. ಸಿಟ್ಟಿನಿಂದಲ್ಲ. ವರ್ಷವಿಡೀ ಒಳಗಿದ್ದ ಮಾತು.

“ಹೇಳಿದ್ರ ಹೋಗೇ ಬಿಡತೈತಿ ಅಂತ ಅಂಜಿದ್ನಿ.”

“ಹೌದ ಬಿಡ.”

ಅವನು ಮಕ್ಕಳನ್ನು ಕೇಳಿದ. ದೊಡ್ಡವಳೂ ಅದೇ ಶೆಡ್ಡಿಗೆ ಬರುತ್ತಾಳೆ ಎಂದಳು. ಶಾಲೆ ಏನಾಯಿತು ಎಂದು ಅವನು ಕೇಳಲಿಲ್ಲ. ರಾತ್ರಿ ಉಳಿದು ನಾಳೆ ಹೋಗು ಎಂದ.

“ಅರ್ಧ ದಿನಾ ಬಿಟ್ಟಾನ ಮಾಲಕ. ಎರಡಕ್ಕ ಹೋಗಿ ನಿಂದ್ರಬೇಕು. ಇಲ್ಲಂದ್ರ ಬ್ಯಾರೇದಾಕಿನ್ನ ಕುಂಡ್ರಸ್ತಾನ.”

ಇಬ್ಬರೂ ಸ್ಟ್ಯಾಂಡಿಗೆ ನಡೆದರು. ಕೊಲ್ಹಾಪುರದ ಗಾಡಿ ತುಂಬಿ ಬಂತು, ಅವಳಿಗೆ ಕೂರಲು ಜಾಗ ಸಿಗಲಿಲ್ಲ. ಕಂಬಿ ಹಿಡಿದು ನಿಂತು, ಕಿಟಕಿಯಿಂದ ಬಾಗಿ ಹೇಳಿದಳು:

“ಮುಂದಿನ ವರ್ಷ ನೀನ ಬಾ. ನನಗ ಬರಾಕ ಆಗೂದಿಲ್ಲ.”

ಅವನು ಹೂಂ ಅಂದ. ಗಾಡಿ ಸಂಕೇಶ್ವರದ ದಾರಿಗೆ ತಿರುಗುವವರೆಗೆ ನಿಂತಿದ್ದು, ಅಂಗಡಿಗೆ ಬಂದು ಬಾಗಿಲು ತೆಗೆದ. ಇಚಲಕರಂಜಿಗೆ ಅವನು ಮತ್ತೆ ಹೋಗಲಿಲ್ಲ. ಉಳಿದ ಮೂವತ್ಮೂರು ಹೆಂಗಸರ ಮನೆಗಳ ಮುಂದೆ ಹಾದು ತಂಗಿಯ ಮನೆ ಮುಟ್ಟಬೇಕಿತ್ತು.